ತಂಗಿಯ ಕೆನ್ನೆಗೆ ಒತ್ತಿದ ಕಾಗದ

ನನ್ನ ತಂಗಿಯ ಕೆನ್ನೆ ಕೆಡಿಸಿದವಳು ನಾನೇ. ಈ ಮಾತನ್ನು ಸುತ್ತಿ ಬಳಸಿ, ನಡುವೆ ನಾಲ್ಕು ನಗೆಮಾತು ಸೇರಿಸಿ, ಕೊನೆಗೆ ಯಾರ ತಪ್ಪೂ ಅಲ್ಲ ಅನ್ನುವ ಹಾಗೆ ಹೇಳುವುದು ನನಗೆ ಬರುತ್ತದೆ. ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ, ಅಜ್ಜಿಯ ಮಗ್ಗುಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ. ಆಕೆ ಒಂದು ಸೇರು ಸುಲಿಯುವುದರೊಳಗೆ ಒಂದು ಊರಿನ ಕತೆ ಮುಗಿಸುತ್ತಿದ್ದಳು. ಈ ಕತೆಯಲ್ಲಿ ಮಾತ್ರ ಹಾಗೆ ಆಟ ಆಡಲು ನನಗೆ ಮನಸ್ಸಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಫ್ಯಾನ್ಸಿ ಸ್ಟೋರು. ಬಳೆ, ಟಿಕಲಿ, ಕ್ಲಿಪ್ಪು, ಸೋಪು, ಮುಖಕ್ಕೆ ಹಚ್ಚುವ ಕ್ರೀಮು. ಅಂಗಡಿಯ ಹಿಂದೆಯೇ ಮನೆ. ಮನೆಯ ಗೋಡೆಗೆ ಗೋಡೆ ತಾಗಿಕೊಂಡು ಕಡಲೆಕಾಯಿ ಎಣ್ಣೆಯ ಮಿಲ್ಲು. ಮಿಲ್ಲು ಓಡುವ ದಿನ ನಮ್ಮ ಬೀದಿಯ ಗಾಳಿಯನ್ನು ಹಿಂಡಿದರೆ ಒಂದು ಒಗ್ಗರಣೆಗಾಗುವಷ್ಟು ಎಣ್ಣೆ ಸಿಕ್ಕೀತು. ಬಾಗಿಲ ಚಿಲಕ ಕೈಯಲ್ಲಿ ಜಾರುತ್ತದೆ. ಬೆಳಿಗ್ಗೆ ಒರೆಸಿದ ಕನ್ನಡಿ ಮಧ್ಯಾಹ್ನಕ್ಕೆ ಮಬ್ಬಾಗುತ್ತದೆ. ಕ್ಯಾಲೆಂಡರಿನ ದೇವರ ಮುಖ ಕೂಡ ಮಿರಮಿರ ಮಿಂಚುತ್ತದೆ. ಹೊರಗಿನಿಂದ ಬಂದವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನಮಗೋ, ಅಲ್ಲೇ ಹುಟ್ಟಿ ಬೆಳೆದವರಿಗೆ, ಎಣ್ಣೆ ಐತೆ ಅನ್ನುವುದೇ ಮರೆತುಹೋಗಿದೆ. ಹಾಗೆ ಮರೆತದ್ದೇ ನನ್ನ ತಂಗಿಗೆ ಮುಳುವಾಯಿತು.

ತಂಗಿಯನ್ನು ಕೊಟ್ಟಿರುವುದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ನೇಯುವ ಮನೆಗೆ. ಮನೆಯೊಳಗೇ ಎರಡು ಮಗ್ಗ. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಆ ಮನೆಯಲ್ಲಿ ಒಂದು ರೂಢಿ ಇದೆ; ಬೇರೆ ಮನೆಗಳಲ್ಲಿ ಉಂಟೋ ಇಲ್ಲವೋ ನಾನು ಕೇಳಿಲ್ಲ. ಸೀರೆ ಮಗ್ಗದಿಂದ ಇಳಿದ ಮೇಲೆ, ಮಡಚುವ ಮೊದಲು, ಮನೆಯ ಹೆಂಗಸೊಬ್ಬಳು ಅದನ್ನು ಕೆನ್ನೆಗೆ ಹಚ್ಚಿಕೊಂಡು ಸೆರಗಿನಿಂದ ಹಿಡಿದು ಕೊನೆಯವರೆಗೆ ನಿಧಾನ ಎಳೆದು ನೋಡಬೇಕು. ನೇಯುವಾಗ ಎಲ್ಲೋ ಒಂದು ಎಳೆ ಕಡಿದಿರುತ್ತದೆ, ಅದಕ್ಕೆ ಗಂಟು ಹಾಕಿರುತ್ತಾರೆ. ಎಲ್ಲಿದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಆ ಗಂಟು ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೂ ತಿಳಿಯುವುದಿಲ್ಲ, ಯಾಕೆಂದರೆ ವರ್ಷಗಟ್ಟಲೆ ನೂಲು ಸುತ್ತಿ ಅವರ ಬೆರಳ ತುದಿಗಳು ಜಡ್ಡುಗಟ್ಟಿವೆ. ಕೆನ್ನೆಗೆ ತಿಳಿಯುತ್ತದೆ. ಗೊತ್ತಾದ ಕಡೆ ಅರಿಶಿನದ ಚುಕ್ಕಿ ಇಟ್ಟರೆ, ನೇಯ್ದವರು ಅಲ್ಲಿ ಕೂತು ಆ ಗಂಟನ್ನು ಬಿಡಿಸಿ ಎಳೆಯನ್ನು ಒಳಗೆ ಸೇರಿಸುತ್ತಾರೆ.

ಮೊದಲು ಈ ಕೆಲಸ ತಂಗಿಯ ಅತ್ತೆಯದಾಗಿತ್ತು. ಆಕೆಯ ಕೆನ್ನೆ ಸುಕ್ಕುಗಟ್ಟಿದ ಮೇಲೆ ಇಬ್ಬರು ಸೊಸೆಯರನ್ನೂ ಕೂರಿಸಿ ಪರೀಕ್ಷೆ ಮಾಡಿದಳಂತೆ. ದೊಡ್ಡ ಸೊಸೆ ಎರಡು ಗಂಟು ಬಿಟ್ಟಳು. ನನ್ನ ತಂಗಿ ಒಂದನ್ನೂ ಬಿಡಲಿಲ್ಲ. "ಈ ಪಿಲ್ಲ ಬುಗ್ಗ ಮಂಚಿದಿ," ಈ ಹುಡುಗಿಯ ಕೆನ್ನೆ ಒಳ್ಳೇದು ಅಂದುಬಿಟ್ಟಳು ಮುದುಕಿ. ಅಂದಿನಿಂದ ಆ ಮನೆಯ ಸೀರೆಗಳೆಲ್ಲ ನನ್ನ ತಂಗಿಯ ಕೆನ್ನೆ ದಾಟಿಯೇ ಹೊರಗೆ ಹೋಗುತ್ತಿದ್ದವು.

"ಅಕ್ಕಾ, ನಾನು ಎಷ್ಟು ಚೆನ್ನಾಗಿ ಅಡಿಗೆ ಮಾಡಿದ್ರೂ ಯಾರೂ ತುಟಿ ಬಿಚ್ಚಲ್ಲ," ಅಂತ ಒಮ್ಮೆ ಹೇಳಿದ್ದಳು. "ಸೀರೆ ಹಿಡ್ಕಂಡು ಕೂತ್ನಾ, ಇಡೀ ಮನೆ ಉಸಿರು ಬಿಗಿ ಹಿಡ್ಕಂಡು ನನ್ನ ಮುಖಾನೇ ನೋಡ್ತೈತೆ. ನಮ್ಮತ್ತೆ ಸೈತ."

ಹಾಗೆ ಹೇಳುವಾಗ ಆಕೆಯ ಮುಖ ನೋಡಬೇಕಿತ್ತು ನೀವು.

ಒಂದು ಬೇಸಿಗೆ ನಾನು ನನ್ನ ಅಂಗಡಿಯ ಮೆಟ್ಟಿಲ ಮೇಲೇ ಜಾರಿ ಬಿದ್ದೆ. ಎಣ್ಣೆಯ ಡಬ್ಬ ಹೊತ್ತವರು ಯಾರೋ ಚೆಲ್ಲಿ ಹೋಗಿದ್ದರು. ಕಾಲಿಗೆ ಪ್ಲಾಸ್ಟರ್ ಬಿತ್ತು. ಮಕ್ಕಳನ್ನು ಅತ್ತೆಗೆ ಒಪ್ಪಿಸಿ, ಇಳಿದ ಸೀರೆಗಳನ್ನು ತಾನು ಬರುವವರೆಗೆ ಎತ್ತಿಡಲು ಹೇಳಿ, ತಂಗಿ ನನ್ನನ್ನು ನೋಡಿಕೊಳ್ಳಲು ಬಂದು ಒಂದೂವರೆ ತಿಂಗಳು ಇದ್ದಳು. ಅಡಿಗೆ, ಅಂಗಡಿ, ನನ್ನ ಸ್ನಾನ, ಎಲ್ಲ ಆಕೆಯದೇ. ಮಲಗುವ ಮೊದಲು ನನ್ನ ಸೊಂಟಕ್ಕೆ, ಇನ್ನೊಂದು ಕಾಲಿಗೆ ಎಣ್ಣೆ ಹಚ್ಚಿ ನೀವಿ, ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದಳು. ತಲೆಗೆ ನನ್ನದೇ ಒಂದು ಹಳೇ ದಿಂಬು. ವರ್ಷಗಟ್ಟಲೆ ನನ್ನ ತಲೆಯ ಎಣ್ಣೆ ಕುಡಿದ ದಿಂಬು.

ಎರಡನೇ ಬಾಣಂತನದ ಮೇಲೆ ಆಕೆಯ ಕೆನ್ನೆಯ ಮೂಳೆಗಳ ಮೇಲೆ ಬಂಗು ಬಂದಿತ್ತು. ಎರಡು ಕಂದು ಮಚ್ಚೆ, ಅಷ್ಟೇ. ಆಕೆಗೆ ಅದರ ಚಿಂತೆಯೇ ಇರಲಿಲ್ಲ. ಚಿಂತೆ ಹತ್ತಿದ್ದು ನನಗೆ. ಮಂಚದ ಮೇಲೆ ಬಿದ್ದವಳಿಗೆ ನೋಡಲು ಎರಡೇ ಇದ್ದವು: ಕೈಯಲ್ಲಿ ಫೋನು, ಎದುರಿಗೆ ಆಕೆಯ ಮುಖ.

"ಬಾರೆ ಇಲ್ಲಿ. ಹೋಗೋದ್ರೊಳಗೆ ನಿನ್ನ ಮುಖ ಸರಿ ಮಾಡಿ ಕಳಿಸ್ತೀನಿ."

"ನಂಗ್ಯಾಕಕ್ಕಾ ಈಗ. ಸೀರೆಗೇನು ಬಂಗು ಕಾಣ್ತೈತಾ."

"ಸೀರೆಗೆ ಕಾಣದಿದ್ರೆ ಏನು, ಕನ್ನಡಿಗೆ ಕಾಣಲ್ವಾ?"

ಆಕೆ ಸುಮ್ಮನೆ ನಕ್ಕಳು. ಅಕ್ಕನ ಮಾತಿಗೆ ಎದುರಾಡುವ ಅಭ್ಯಾಸ ಆಕೆಗೆ ಚಿಕ್ಕಂದಿನಿಂದ ಇಲ್ಲ.

ಫೋನಿನಲ್ಲಿ ಒಬ್ಬಾಕೆ ಹೇಳುತ್ತಿದ್ದಳು: ಕ್ರೀಮು ಕೊಳ್ಳುವ ಮೊದಲು ನಿಮ್ಮ ಚರ್ಮ ಯಾವ ಜಾತಿಯದು ಅಂತ ತಿಳಿಯಿರಿ. ಬೆಳಿಗ್ಗೆ ಎದ್ದ ಕೂಡಲೇ ಹಣೆ, ಮೂಗು, ಕೆನ್ನೆ, ಗದ್ದಕ್ಕೆ ತೆಳು ಕಾಗದ ಒತ್ತಿ. ಎಲ್ಲ ಕಡೆ ಜಿಡ್ಡು ಬಂದರೆ ಎಣ್ಣೆ ಚರ್ಮ, ಹಣೆ ಮೂಗಿನಲ್ಲಿ ಮಾತ್ರ ಬಂದರೆ ಮಿಶ್ರ, ಎಲ್ಲೂ ಬರದಿದ್ದರೆ ಒಣ ಚರ್ಮ. ಕೇಳಲು ಎಷ್ಟು ಸಲೀಸು. ಬಳೆ ಡಬ್ಬಿಯೊಳಗೆ ಹಾಸಿರುವ ತೆಳು ಕಾಗದವನ್ನು ತರಿಸಿಕೊಂಡು, ಮಾರನೇ ಬೆಳಿಗ್ಗೆ ಎದ್ದು ಕೂತವಳ ಮುಖಕ್ಕೆ ನಾನೇ ಒತ್ತಿದೆ. ಬೆಳಕಿಗೆ ಹಿಡಿದರೆ ಕಾಗದದ ಆಚೆಗಿನ ಕಿಟಕಿ ಸರಳು ಕಾಣುತ್ತಿತ್ತು.

"ನೋಡೇ, ನಿನ್ನ ಮುಖದಾಗೆ ಒಂದು ಗಾಣಾನೇ ಐತಲ್ಲೇ," ಅಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅದೇ ಹೊತ್ತಿಗೆ ಎದುರು ಗ್ಯಾರೇಜಿನ ಮೆಕ್ಯಾನಿಕ್ಕನ ಹೆಂಡತಿ ನನಗೆ ಶಾವಿಗೆ ಪಾಯಸ ತಂದಿದ್ದಳು. ಆಕೆ ನನ್ನನ್ನು ಆಪಾ ಅನ್ನುತ್ತಾಳೆ, ಅಕ್ಕ ಅಂತ. ಕಾಗದ ನೋಡಿದವಳೇ ತಲೆಯಾಡಿಸಿದಳು.

"ಆಪಾ, ಈ ಗಲ್ಲಿಯಾಗೆ ಆ ಕಾಗದಾನ ಗೋಡೆಗೆ ಒತ್ತಿದ್ರೂ ಎಣ್ಣೆ ಬರ್ತೈತೆ. ಆಕಿ ಊರಿಗೆ ಹೋಗ್ಲಿ. ಬರೀ ನೀರಾಗೆ ಮುಖ ತೊಳ್ಕಂಡು, ಏನೂ ಹಚ್ದೆ ಒಂದು ತಾಸು ಕೂತ್ಕಳ್ಳಿ. ಚರ್ಮ ಬಿಗಿದು ಎಳೆದಂಗಾದ್ರೆ ಒಣ ಚರ್ಮ. ಹೊಳೆದ್ರೆ ಎಣ್ಣೆ ಚರ್ಮ."

"ನಿನ್ನ ಗಂಡ ಗಾಡಿ ರಿಪೇರಿ ಮಾಡ್ತಾನೆ, ನೀನು ಮುಖ ರಿಪೇರಿ ಹೇಳಕ್ಕೆ ಬಂದ್ಯಾ?"

"ಎರಡೂ ಒಂದೇ ಆಪಾ. ಯಾವ ಇಂಜಿನ್ನಿಗೆ ಯಾವ ಆಯಿಲ್ ಅಂತ ನೋಡ್ದೆ ಹಾಕಿದ್ರೆ ಸೀಜ್ ಆಗಿ ನಿಂತ್ಕಂತೈತೆ."

ಅದಕ್ಕೂ ನಕ್ಕೆವು. ಪಾಯಸ ಕುಡಿದೆವು. ಆಕೆ ಹೋದಳು. ಆ ಕಾಗದಕ್ಕೆ ಅಂಟಿದ್ದು ನನ್ನ ತಂಗಿಯ ಎಣ್ಣೆಯಾಗಿರಲಿಲ್ಲ. ನನ್ನ ದಿಂಬಿನದು, ನನ್ನ ಗೋಡೆಯದು, ನನ್ನ ಸೊಂಟ ನೀವಿದ ಆಕೆಯ ಕೈಯದು. ನನ್ನ ಮನೆಯ ಜಿಡ್ಡನ್ನು ಆಕೆಯ ಮುಖದ ಜಾತಿ ಅಂತ ತೀರ್ಪು ಕೊಟ್ಟೆ.

ತೀರ್ಪಿನ ಮೇಲೆ ಶಿಕ್ಷೆ. ಎಣ್ಣೆ ಚರ್ಮಕ್ಕೆಂದೇ ಬರುವ ಕಟುವಾದ ಫೇಸ್‌ವಾಶು ಅಂಗಡಿಯಲ್ಲಿತ್ತು, ದಿನಕ್ಕೆ ಮೂರು ಹೊತ್ತು ಅದರಲ್ಲಿ ತೊಳೆಯಲು ಹೇಳಿದೆ. ತೊಳೆದ ಮೇಲೆ ಬೆರಳು ಎಳೆದರೆ ಕೀಚ್ ಅನ್ನಬೇಕು, ಆಗಲೇ ಶುದ್ಧ ಅಂತ ನನ್ನ ನಂಬಿಕೆ. ಅದರ ಮೇಲೆ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಬಳಿದೆ. ಹದಿನೈದು ದಿನಕ್ಕೆ ಕೆನ್ನೆ ಬಿಗಿದುಕೊಂಡು ಪುಡಿಪುಡಿ ಉದುರತೊಡಗಿತು.

"ಉರೀತೈತಕ್ಕಾ."

"ಎಣ್ಣೆ ಬಿಡ್ತಾ ಐತೆ, ತಡ್ಕ."

ಕೆನ್ನೆ ಕೆಂಪಾಯಿತು, ಬಂಗು ಇನ್ನೂ ಕಪ್ಪಾಯಿತು. ಆಗ ನಿಲ್ಲಿಸಿದ್ದರೂ ಸಾಕಿತ್ತು. ನಾನು ನಿಲ್ಲಿಸಲಿಲ್ಲ. ಅಂಗಡಿಯ ಡ್ರಾಯರಿನಲ್ಲಿ ಒಂದು ಸಣ್ಣ ಟ್ಯೂಬಿತ್ತು. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು. ಆದರೆ ನಮ್ಮ ಕಡೆ ಅದನ್ನು ಕೇಳದ ಹೆಂಗಸಿಲ್ಲ, ಕೊಡದ ಅಂಗಡಿಯಿಲ್ಲ. ಅದನ್ನು ಹಚ್ಚಿಸಿದೆ. ಹತ್ತೇ ದಿನ, ಕೆಂಪು ಹೋಯಿತು. ಬಂಗು ತೆಳುವಾಯಿತು. ಮುಖ ಹಾಲಿನ ಕೆನೆಯ ಹಾಗಾಯಿತು. ತಂಗಿ ಗಳಿಗೆಗೊಮ್ಮೆ ಕನ್ನಡಿ ನೋಡಿಕೊಂಡಳು. ನಾನು ಆಕೆಯನ್ನು ಅಂಗಡಿಯ ಮುಂದೆ ಕೂರಿಸಿ, ಬಂದವರಿಗೆಲ್ಲ "ನೋಡ್ರಿ ನಮ್ಮ ತಂಗೀನ" ಅಂತ ತೋರಿಸಿದೆ. ನೋಡಿದವರು ಆ ಟ್ಯೂಬನ್ನೇ ಕೇಳಿದರು, ಕೊಟ್ಟೆ. ಅವರ ಮುಖಗಳನ್ನು ನೆನೆಯಲು ನನಗೆ ಈಗಲೂ ಧೈರ್ಯ ಸಾಲದು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಆಕೆ ಊರಿಗೆ ಹೊರಟಳು. ಬಳೆ, ಕುಂಕುಮದ ಜೊತೆ ನಾಲ್ಕು ಟ್ಯೂಬನ್ನೂ ಉಡಿ ತುಂಬಿದ ಹಾಗೆ ಚೀಲಕ್ಕೆ ಹಾಕಿದೆ.

ಮಳೆಗಾಲ ಕಳೆಯುವವರೆಗೆ ಫೋನಿನಲ್ಲಿ ಒಳ್ಳೇ ಸುದ್ದಿಯೇ. ಆಮೇಲೆ ಒಂದು ದಿನ, "ಅಕ್ಕಾ, ಎರಡು ದಿನ ಹಚ್ಚೋದು ಬಿಟ್ರೆ ಬೆಂಕಿ ಬಿದ್ದಂಗೆ ಆಗ್ತೈತೆ. ಸಣ್ಣ ಸಣ್ಣ ಗುಳ್ಳೆ ಏಳ್ತವೆ."

"ಹಂಗಾದ್ರೆ ಬಿಡ್ಬೇಡ ಕಣೇ. ಹಚ್ತಾ ಇರು."

ಈ ಮಾತನ್ನು ನಾನು ಒಮ್ಮೆಯಲ್ಲ, ಎಷ್ಟೋ ಸಲ ಹೇಳಿದ್ದೇನೆ. ಟ್ಯೂಬು ಮುಗಿದಾಗ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿಯೂ ಇದ್ದೇನೆ.

ಆಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಹಿಂದೆ ಮಗ್ಗದ ಸದ್ದಿರಲಿಲ್ಲ. ತಂಗಿ ಅಳುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಅಕ್ಕಾ, ಸೀರೆ ಸುಡ್ತೈತೆ."

"ಏನಂದೆ?"

"ಕೆನ್ನೆಗೆ ಹಚ್ಚಕ್ಕಾಗ್ತಿಲ್ಲ. ರೇಷ್ಮೆ ಸುಡ್ತೈತೆ."

ಅವತ್ತೇ ಬಸ್ಸು ಹತ್ತಿದೆ. ಮೊಳಕಾಲ್ಮೂರಿನಲ್ಲಿ ಬಾಗಿಲು ತೆಗೆದವಳನ್ನು ನೋಡಿ ಒಂದು ಕ್ಷಣ ಇವಳ್ಯಾರು ಅನ್ನಿಸಿತು. ಕೆನ್ನೆಯ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾಗಿ, ಅದರಡಿ ಕೆಂಪು ನರಗಳು ಎಳೆ ಎಳೆಯಾಗಿ ಕಾಣುತ್ತಿದ್ದವು. ಗದ್ದದ ತುಂಬ ಗುಳ್ಳೆ. ಕಿವಿಯ ಮುಂದೆ ಮುಂಚೆ ಇಲ್ಲದ ನವಿರು ಕೂದಲು. ಒಲೆಯ ಹತ್ತಿರ ಹೋಗಲಾರಳು, ಬಿಸಿಲಿಗೆ ಬರಲಾರಳು.

ಆಕೆಯ ಅತ್ತೆ ನನಗೆ ನೀರು ಕೊಟ್ಟಳು. ನಾನು ಕುಡಿದು ಲೋಟ ಇಡುವವರೆಗೆ ಕಾದಳು. ಆಮೇಲೆ ಕೇಳಿದಳು: "ಏಮಮ್ಮಾ, ಅಂಥಾ ಕೆನ್ನೆ ಇಟ್ಕಂಡು ನಿನ್ನ ಹತ್ರ ಬಂದ್ಳಲ್ಲ, ಏನು ಕಮ್ಮಿ ಕಾಣ್ತು ನಿಂಗೆ?"

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಮಾತಿನಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆಕೆ ಬೈಯಲಿಲ್ಲ.

ಮಾರನೇ ದಿನ ತಂಗಿಯನ್ನು ಚಿತ್ರದುರ್ಗದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಡುವಯಸ್ಸಿನ ಹೆಣ್ಣುಮಗಳು ಆಕೆ. ಟ್ಯೂಬು ನೋಡಿದಳು, ಉಸ್ ಅಂದಳು. ಅದರಲ್ಲಿ ಸ್ಟೀರಾಯ್ಡ್ ಇದೆ, ಇದನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ಸವೆದುಹೋಗುತ್ತದೆ ಅಂದಳು. ನನ್ನ ತಂಗಿಯ ಮೊಣಕೈ, ಮೊಣಕಾಲು, ಕುತ್ತಿಗೆಯನ್ನು ಮುಟ್ಟಿ ಮುಟ್ಟಿ ನೋಡಿದಳು.

"ನಿಮ್ಮದು ಹುಟ್ಟಿನಿಂದ ಒಣ ಚರ್ಮ, ಸೂಕ್ಷ್ಮ ಬೇರೆ. ಎಣ್ಣೆ ಚರ್ಮಕ್ಕೆ ಹಾಕೋದನ್ನೆಲ್ಲ ಹಾಕಿದೀರಲ್ಲ. ಎಣ್ಣೆ ಚರ್ಮ ಅಂತ ಯಾರು ಹೇಳಿದ್ರು?"

ನಾನು ಬಾಯಿ ತೆರೆದೆ. ತಂಗಿ ನನಗಿಂತ ಮುಂಚೆ ಹೇಳಿಬಿಟ್ಟಳು. "ಯಾರೋ ಫೋನಲ್ಲಿ ಹೇಳಿದ್ರು ಮೇಡಂ."

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಅದನ್ನೂ ಇಲ್ಲಿ ಹೇಳಬೇಕು, ಮುಚ್ಚಿಕೊಂಡೆ.

ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದಳು. ಟ್ಯೂಬನ್ನು ತಾನು ಹೇಳಿದ ಹಾಗೆ ಬಿಡಬೇಕು, ಬಿಟ್ಟಾಗ ಉರಿ ಹೆಚ್ಚುತ್ತದೆ, ಹೆದರಿ ಮತ್ತೆ ಹಚ್ಚಬಾರದು. ನೊರೆ ಬಾರದ ಮೆದು ಕ್ಲೆನ್ಸರು, ಅದೂ ದಿನಕ್ಕೊಮ್ಮೆ. ಮುಖ ಇನ್ನೂ ಹಸಿಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರು. ಬಿಸಿಲಿಗೆ ಸನ್‌ಸ್ಕ್ರೀನು, ಮೇಲೆ ಕೊಡೆ. ಇನ್ನು ಮುಂದೆ ಯಾವ ಹೊಸದನ್ನೇ ಆಗಲಿ ಮೊದಲು ಕಿವಿಯ ಹಿಂದೆ ಹಚ್ಚಿ ಕೆಲವು ದಿನ ನೋಡಿ, ಆಮೇಲೆ ಮುಖಕ್ಕೆ.

ತಂಗಿ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. "ಸೀರೆ ಹಚ್ಚಿ ನೋಡಂಗೆ ಆಗ್ತೈತಾ ಮೇಡಂ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ತಂಗಿಯೇ ಕೈ ಆಡಿಸಿ ತೋರಿಸಿ ವಿವರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟಳು. "ಉರಿ ಕಮ್ಮಿ ಆಗುತ್ತಮ್ಮ. ಮೊದಲಿನ ಹಾಗೆ ಆಗುತ್ತೆ ಅಂತ ನಾನು ಹೇಳಲಾರೆ."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಬಿಸಿಲು ತಾಗದಂತೆ ಆಕೆ ಸೆರಗನ್ನು ಮುಖದಿಂದ ಒಂದು ಗೇಣು ದೂರ ಹಿಡಿದುಕೊಂಡಿದ್ದಳು. ಎತ್ತಿದ ಕೈಯಿಂದ ಬಳೆಗಳು ಕೆಳಗೆ ಜಾರಿ ಮುಂಗೈಯ ಮೇಲೆ ಗೀರಿದ್ದವು. ಅಲ್ಲಿ ಬೆಳ್ಳಗೆ ಒಂದು ಗೆರೆ, ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ.

ಆಗ ಅವ್ವ ನೆನಪಾದಳು. ಚಳಿ ಶುರುವಾದರೆ ಅವ್ವ ನಮ್ಮಿಬ್ಬರನ್ನೂ ಬಚ್ಚಲ ಮುಂದೆ ನಿಲ್ಲಿಸಿ ಮುಂಗೈಯ ಮೇಲೆ ಉಗುರಿನಿಂದ ಮೆಲ್ಲಗೆ ಗೀರುತ್ತಿದ್ದಳು. ನನ್ನ ಕೈ ಮೇಲೆ ಗೆರೆ ಮೂಡುತ್ತಿರಲಿಲ್ಲ. "ನಿಂದು ಎಮ್ಮೆ ಚರ್ಮ, ನೀನು ಹೋಗು," ಅನ್ನುತ್ತಿದ್ದಳು. ತಂಗಿಯ ಕೈ ಮೇಲೆ ಬೆಳ್ಳನೆ ಗೆರೆ. "ಇದರ ಮೈ ನೆಲ ಇದ್ದಂಗೆ, ಎಷ್ಟು ಹಾಕಿದ್ರೂ ಕುಡೀತೈತೆ," ಅಂತ ಮುಖಕ್ಕೂ ಮೈಗೂ ಕಡಲೆಕಾಯಿ ಎಣ್ಣೆ ತೀಡುತ್ತಿದ್ದಳು. ಎಷ್ಟು ಚಳಿಗಾಲ ನೋಡಿದ್ದೇನೆ ಇದನ್ನು. ಅಕ್ಷರ ಕಲಿಯುವ ಮೊದಲೇ ನನ್ನ ತಂಗಿಯದು ಒಣ ಚರ್ಮ ಅಂತ ಕಲಿತಿದ್ದೆ. ಕಾಗದ ಒತ್ತುವ ಬದಲು ಒಂದು ಸಲ ಉಗುರು ಎಳೆದಿದ್ದರೆ ಮುಗಿದಿತ್ತು. ಮುಖಕ್ಕೂ ಬೇಡ, ಕೈಗೆ ಎಳೆದಿದ್ದರೂ ಸಾಕಿತ್ತು.

ಬಸ್ಸಿನಲ್ಲಿ ಇದನ್ನು ಆಕೆಗೆ ಹೇಳಿದೆ.

"ನಂಗೂ ನೆನಪೈತಕ್ಕಾ," ಅಂದಳು.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ವೇ?"

"ನೀನು ಖುಷಿಯಾಗಿದ್ದೆ."

ನನ್ನ ಅಂಗಡಿಯಲ್ಲಿ ಈಗ ಆ ಟ್ಯೂಬಿಲ್ಲ. ಯಾರಾದರೂ ಕೇಳಿದರೆ, ಬರೀ ನೀರಲ್ಲಿ ಮುಖ ತೊಳೆದು ನಿಮ್ಮ ಮನೆಯಲ್ಲೇ ಒಂದು ತಾಸು ಕೂತು ನೋಡಿ, ಆಮೇಲೆ ಬನ್ನಿ ಅನ್ನುತ್ತೇನೆ. "ಇವಳಿಗೇನು ಹುಚ್ಚೇನ್ರಿ" ಅನ್ನುವಂತೆ ನೋಡಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ. ಮೆಕ್ಯಾನಿಕ್ಕನ ಹೆಂಡತಿ ದಿನಾ ತಂಗಿಯ ಬಗ್ಗೆ ಕೇಳುತ್ತಾಳೆ. ನಾನು ಅವತ್ತು ಹೇಳಿರಲಿಲ್ಲವಾ ಅಂತ ಒಂದು ದಿನವೂ ಅಂದಿಲ್ಲ. ಅಂದುಬಿಡಲಿ ಅನ್ನಿಸುತ್ತದೆ.

ವರ್ಷ ದಾಟಿತು. ಉರಿ ಕಮ್ಮಿಯಾಯಿತು, ಗುಳ್ಳೆ ಹೋದವು. ಕೆಂಪು ನರಗಳು ಉಳಿದವು. ಗಾಳಿ ಜೋರಾಗಿ ಬೀಸಿದರೂ ಕೆನ್ನೆ ಕೆಂಪಾಗುತ್ತದೆ. ಸೀರೆ ತಾಗಿಸಿದರೆ ಈಗ ಸುಡುವುದಿಲ್ಲವಂತೆ, ಚುಚ್ಚುತ್ತದಂತೆ. ಗಂಟಿದ್ದಲ್ಲೂ ಚುಚ್ಚುತ್ತದೆ, ಇಲ್ಲದಲ್ಲೂ ಚುಚ್ಚುತ್ತದೆ. ಅತ್ತೆ ತನ್ನ ಸುಕ್ಕು ಕೆನ್ನೆಯಲ್ಲೇ ಮತ್ತೆ ಶುರು ಮಾಡಿದಳು, ಆಗಲಿಲ್ಲ. ದೊಡ್ಡ ಸೊಸೆ ಕೂತಳು. ಒಂದು ಸೀರೆ ವಾಪಸು ಬಂತು. ಅದಾದ ಮೇಲೆ ಸೀರೆ ಇಳಿದ ದಿನ ತಂಗಿ ಅಡಿಗೆಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು.

ಹೋದ ತಿಂಗಳು ನಾನು ಅಲ್ಲಿದ್ದೆ. ಮಗ್ಗದಿಂದ ಒಂದು ಸೀರೆ ಇಳಿದಿತ್ತು, ಕೆಂಬಣ್ಣದ್ದು. ತಂಗಿಯೇ ಅದನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ನೀನು ನೋಡ್ತೀಯಾ? ನಾವಿಬ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರು."

ಅಷ್ಟು ದಿನಗಳಲ್ಲಿ ಆಕೆ ನನ್ನಿಂದ ಕೇಳಿದ್ದು ಅದೊಂದೇ. ಬರೀ ನೀರಲ್ಲಿ ಮುಖ ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂತೆ. ಅತ್ತೆ ಬಾಗಿಲ ಹತ್ತಿರ ಬಂದು ನಿಂತಳು. ತಂಗಿಯ ಗಂಡ ಮಗ್ಗ ನಿಲ್ಲಿಸಿದ. ತಂಗಿ ನನ್ನ ಎದುರು ಮಂಡಿಯೂರಿ, ಸೆರಗನ್ನು ನನ್ನ ಕೆನ್ನೆಗೆ ಹಚ್ಚಿ ನಿಧಾನವಾಗಿ ಎಳೆಯತೊಡಗಿದಳು. ಎಳೆಯುತ್ತಾ ನನ್ನ ಕಣ್ಣನ್ನೇ ನೋಡುತ್ತಿದ್ದಳು.

ತಣ್ಣಗಿತ್ತು. ಅಷ್ಟೇ. ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ, ಎಲ್ಲಾದರೂ ಒಂದು ಕಡೆ ತಡೆಯಲಿ, ಒಂದು ಕಡೆ ಗೀರಲಿ ಅಂತ ಕಾದೆ. ನೀರು ಹರಿದ ಹಾಗೆ ಸೀರೆಯೆಲ್ಲ ಜಾರಿಹೋಯಿತು. ಆಕೆ ಒಂದಿಷ್ಟು ಜಾಗವನ್ನು ಮತ್ತೆ ಎಳೆದಳು. ಮತ್ತೂ ಒಮ್ಮೆ ಎಳೆದಳು.

"ಎಲ್ಲಾ ನುಣ್ಣಗೈತೆ ಕಣೇ," ಅಂದೆ.

ತಂಗಿ ಆ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದಳು. ಅರ್ಧ ಸಾಸಿವೆಯಷ್ಟು ಗಂಟು. ಗಂಡ ಅದನ್ನು ಹಾಕುವಾಗ ಆಕೆ ನೋಡಿದ್ದಳಂತೆ.

"ಮೂರು ಸಲ ನಿನ್ನ ಕೆನ್ನೆ ಮೇಲೆ ಹೋಯ್ತಕ್ಕಾ ಇದು."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತೆ ಒಳಗೆ ಹೋದಳು. ಮಗ್ಗ ಮತ್ತೆ ಶುರುವಾಯಿತು. ತಂಗಿ ಗಂಟಿದ್ದ ಕಡೆ ಅರಿಶಿನದ ಚುಕ್ಕಿ ಇಟ್ಟಳು. ಉಳಿದ ಸೀರೆಯಲ್ಲಿ ಇನ್ನೆಷ್ಟಿವೆಯೋ ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ಎದ್ದು ನಿಂತು ಸೀರೆ ಮಡಚತೊಡಗಿದಳು. ಮಡಿಕೆ ಎತ್ತುವಾಗಲೆಲ್ಲ ರೇಷ್ಮೆ ಕೆನ್ನೆಗೆ ತಾಗದಂತೆ ಮುಖವನ್ನು ಒಂದು ಕಡೆ ತಿರುಗಿಸಿಕೊಳ್ಳುತ್ತಿದ್ದಳು.